ಮೂವರ ಪಾಲಿನ ವಿಮಾನ: ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಮೂವರು. ನನ್ನದು ಹುಬ್ಬಳ್ಳಿಯ ಗೋಕುಲ ರೋಡಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾಲ್ಕು ಲೇಥ್ ಇಟ್ಟುಕೊಂಡ ವರ್ಕ್‌ಶಾಪು. ಎರಡನೆಯವರು ಧಾರವಾಡದಲ್ಲಿ ಹಲ್ಲಿನ ಡಾಕ್ಟರು. ಮೂರನೆಯವರು ಗದಗಿನ ಹತ್ತಿ ವ್ಯಾಪಾರಿ, ನಮಗೆಲ್ಲ ಸಾಹುಕಾರರು. ಮೂವರ ನಡುವೆ ಒಂದು ಸಣ್ಣ ವಿಮಾನ ಇದೆ. ಈ ಸಂಗತಿ ಗೊತ್ತಾದ ಮೇಲೆ ಮದುವೆ ಪಂಕ್ತಿಯಲ್ಲಿ, ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮುನ್ನ, ಅಮರಗೋಳದ ಎಪಿಎಂಸಿಯಲ್ಲಿ, ಕಾಗದದಲ್ಲಿ, ಫೋನಿನಲ್ಲಿ ಮಂದಿ ಕೇಳುವ ಪ್ರಶ್ನೆ ಬಹುತೇಕ ಅವೇ. ಕೇಳಿದ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

## ಮೊದಲ ಭೇಟಿಯಲ್ಲಿ ಕೇಳುವವು

ಖರೇನ ಸ್ವಂತ ವಿಮಾನ ಐತೇನ್ರಿ? ಎಷ್ಟು ದೊಡ್ಡದೈತಿ?

ಐತ್ರಿ, ಮೂರರಾಗ ಒಂದು ಪಾಲು. ಸೆಸ್ನಾ 172 ಎಸ್ ಅಂತ ಹೆಸರು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 11 ಮೀಟರ್, ಮೂಗಿನಿಂದ ಬಾಲಕ್ಕೆ ಎಂಟು ಮೀಟರ್ ಚಿಲ್ಲರೆ. ಒಂದೇ ಇಂಜಿನ್, ನಾಲ್ಕು ಸಿಲಿಂಡರ್, 180 ಹಾರ್ಸ್‌ಪವರ್. ಒಳಗೆ ಕೂತರೆ ಹಳೆಯ ಫಿಯಾಟ್ ಕಾರಿನ ಇಕ್ಕಟ್ಟು, ಪಕ್ಕದವರ ಭುಜ ನಮ್ಮ ಭುಜಕ್ಕೆ ತಾಗುತ್ತದೆ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನ ಊರು ಚೆನ್ನಾಗಿ ಕಾಣುತ್ತದೆ. ಈ ಮಾದರಿಯನ್ನು 1956ರಿಂದ ಮಾಡುತ್ತಿದ್ದಾರೆ, 44,000ಕ್ಕೂ ಹೆಚ್ಚು ಹೊರಬಿದ್ದಿವೆ. ಜಗತ್ತಿನಲ್ಲಿ ಇಷ್ಟು ಸಂಖ್ಯೆಯಲ್ಲಿ ತಯಾರಾದ ಇನ್ನೊಂದು ವಿಮಾನ ಇಲ್ಲ. ನಾವು ಇದನ್ನೇ ಆರಿಸಿದ್ದಕ್ಕೆ ಕಾರಣವೂ ಅಷ್ಟೇ: ಏನು ಕೆಟ್ಟರೂ ಅದು ಹಿಂದೆ ಯಾರದೋ ವಿಮಾನದಲ್ಲಿ ಕೆಟ್ಟಿರುತ್ತದೆ, ಯಾರೋ ಸರಿ ಮಾಡಿರುತ್ತಾರೆ.

ಲೈಸೆನ್ಸಿಗೆ ಏನೇನ್ ಬೇಕ್ರಿ? ನಮ್ಮ ಹುಡುಗ ಎಸ್ಸೆಸ್ಸೆಲ್ಸಿ ಮುಗಿಸ್ಯಾನ, ಆದ್ರ ಚಷ್ಮಾ ಐತಿ.

ಚಷ್ಮಾ ಇದ್ದರೂ ನಡೆಯುತ್ತದೆ, ಅದನ್ನು ಹಾಕಿಕೊಂಡಾಗ ಕಣ್ಣು ಸರಿಯಾಗಿ ಕಂಡರೆ ಸಾಕು. ಖಾಸಗಿ ಪೈಲಟ್ ಲೈಸೆನ್ಸಿಗೆ ಹತ್ತನೆಯ ತರಗತಿ ಪಾಸಾಗಿರಬೇಕು, ವಯಸ್ಸು 17 ತುಂಬಿರಬೇಕು. ಎರಡನೆ ದರ್ಜೆಯ ವೈದ್ಯಕೀಯ ತಪಾಸಣೆ ಆಗಬೇಕು. 40 ಗಂಟೆ ಹಾರಾಟ, ಅದರಲ್ಲಿ 20 ಗಂಟೆ ಒಬ್ಬರೇ ಹಾರಿಸಿರಬೇಕು. ಒಬ್ಬರೇ 150 ನಾಟಿಕಲ್ ಮೈಲಿನ (ಸುಮಾರು 278 ಕಿಲೋಮೀಟರ್) ಒಂದು ದೂರಪ್ರಯಾಣ ಮಾಡಿ, ದಾರಿಯಲ್ಲಿ ಎರಡು ಕಡೆ ಇಳಿದು ತೋರಿಸಬೇಕು. ಹವಾಮಾನ, ದಿಕ್ಕು ದಾರಿ, ಕಾಯ್ದೆ, ಇಂಜಿನ್ ಇವುಗಳ ಲಿಖಿತ ಪರೀಕ್ಷೆಯಲ್ಲಿ 70 ಪ್ರತಿಶತ ಅಂಕ ಬೇಕು. ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆ ಲೈಸೆನ್ಸ್. ನನಗೆ ಕಠಿಣ ಆದದ್ದು ಆ ರೇಡಿಯೋ ಪರೀಕ್ಷೆಯೇ. ಇಂಜಿನ್ ಬಿಚ್ಚು ಅಂದರೆ ಬಿಚ್ಚುವ ಮನುಷ್ಯ ನಾನು, ಮೈಕ್ ಹಿಡಿದರೆ ಬಾಯಿ ಒಣಗುತ್ತಿತ್ತು.

ಎಲ್ಲಿ ಕಲೀಬೇಕ್ರಿ? ಹುಬ್ಬಳ್ಳ್ಯಾಗ ಕಲಸ್ತಾರೇನು?

ನಾವು ಮೂವರೂ ಕಲಿತದ್ದು ಬೆಂಗಳೂರು ಕಡೆ. ಜಕ್ಕೂರಿನ ಸರ್ಕಾರಿ ಶಾಲೆ ರಾಜ್ಯದಲ್ಲೇ ಹಳೆಯದು, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿದೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ಶಾಲೆಗಳಿಗೆ ಜಾಗ ಕೊಡಲು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ನಮ್ಮವೇ. 2022ರ ಎರಡನೆ ಸುತ್ತಿನ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರೂ ಬಂತು. ಯಾವುದೇ ಶಾಲೆಗೆ ಸೇರುವ ಮುನ್ನ ಒಂದು ಕೆಲಸ ಮಾಡ್ರಿ: ಒಂದು ದಿನ ಮುಂಜಾನೆ ಹೋಗಿ ಅಲ್ಲಿ ಎಷ್ಟು ವಿಮಾನ ನಿಂತಿವೆ, ಎಷ್ಟು ಹಾರುತ್ತಿವೆ ಅಂತ ಎಣಿಸ್ರಿ. ಫೀ ಕಟ್ಟಿ ತಿಂಗಳುಗಟ್ಟಲೆ ಬೆಂಚಿನ ಮೇಲೆ ಕೂತ ಹುಡುಗರನ್ನು ಕಂಡಿದ್ದೇನೆ.

ಹೆಣ್ಮಕ್ಕಳು ಹಾರಸಬಹುದೇನ್ರಿ?

1936ರಲ್ಲಿ ಲಾಹೋರಿನಲ್ಲಿ ಸರಳಾ ಥಕ್ರಾಲ್ ಅವರು 21ನೆಯ ವಯಸ್ಸಿಗೆ ಜಿಪ್ಸಿ ಮೋತ್ ವಿಮಾನ ಹಾರಿಸಿ ಲೈಸೆನ್ಸ್ ತೆಗೆದುಕೊಂಡರು. ಅದೂ ಸೀರೆ ಉಟ್ಟು. ಮುಂದಿನ ಪ್ರಶ್ನೆ.

ಬೆಂಗಳೂರಿಗೆ ಎಷ್ಟೊತ್ತಿನ್ಯಾಗ ಮುಟ್ಟತೀರಿ? ರೈಲಿಗಿಂತ ಲಗೂನ ಆಗತೈತಲ್ಲ?

ಗಾಳಿಯಲ್ಲಿ ಲಗೂನ ಆಗುತ್ತದೆ. ನೆಟ್ಟಗೆ ಹಾರಿದರೆ ಹುಬ್ಬಳ್ಳಿಯಿಂದ ಜಕ್ಕೂರು ಸುಮಾರು 370 ಕಿಲೋಮೀಟರ್. ನಮ್ಮ ವೇಗ ಗಂಟೆಗೆ 200 ಕಿಲೋಮೀಟರ್ ಆಸುಪಾಸು. ಎದುರುಗಾಳಿ ಇಲ್ಲದಿದ್ದರೆ ಎರಡು ಗಂಟೆಯೊಳಗೆ ಕೆಳಗೆ ಕೆರೆಗಳ ಬದಲು ಅಪಾರ್ಟ್‌ಮೆಂಟ್ ಕಾಣತೊಡಗುತ್ತವೆ.

ನೆಲದ ಲೆಕ್ಕ ಬೇರೆ. ಹಿಂದಿನ ದಿನವೇ ಹವಾಮಾನ ನೋಡಬೇಕು. ಫ್ಲೈಟ್ ಪ್ಲಾನ್ ತುಂಬಿ ಕಳಿಸಬೇಕು. ಊರು ಬಿಟ್ಟು ಹೋಗುವ ಹಾರಾಟಕ್ಕೆ ವಾಯುಪಡೆಯ ಕಡೆಯಿಂದ ಒಪ್ಪಿಗೆಯ ಏಡಿಸಿ ನಂಬರ್ ಬೇಕು, ಹಾರಾಟ ಮಾಹಿತಿ ಕೇಂದ್ರದಿಂದ ಎಫ್‌ಐಸಿ ನಂಬರ್ ಬೇಕು, ಈ ಎರಡೂ ಕೈಗೆ ಬಾರದೆ ಟಾವರ್ ಬಿಡುವುದಿಲ್ಲ. ನಿಲ್ದಾಣದ ಗೇಟಿನಲ್ಲಿ ತಪಾಸಣೆ, ವಿಮಾನದ ಸುತ್ತ ಅರ್ಧ ಗಂಟೆ ಪರಿಶೀಲನೆ. ಏರೋ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಾದರೆ ಯಲಹಂಕದ ಸುತ್ತ ಆಕಾಶವೇ ಬಂದ್. ಎಲ್ಲ ಕೂಡಿಸಿದರೆ ನಾನು ಮನೆ ಬಿಟ್ಟು ಜಕ್ಕೂರಿನಲ್ಲಿ ಚಹಾ ಕುಡಿಯುವಷ್ಟರಲ್ಲಿ ವಂದೇ ಭಾರತ್ ಹತ್ತಿದ ನನ್ನ ತಮ್ಮ ಯಶವಂತಪುರ ಮುಟ್ಟಿ ಫೋನ್ ಮಾಡಿದ್ದೂ ಉಂಟು. ಕೆಲಸದ ಮೇಲೆ ಹೋಗುವುದಿದ್ದರೆ ನಾನೂ ರೈಲೇ ಹತ್ತುತ್ತೇನೆ.

ನಾಕ್ ಸೀಟ್ ಅದಾವಲ್ರಿ, ಮತ್ತ ನಾಕ್ ಮಂದಿ ಯಾಕ ಹತ್ತಸಂಗಿಲ್ಲ?

ಇದನ್ನು ಕೇಳಿ ಸಿಟ್ಟಾದ ಬೀಗರಿದ್ದಾರೆ, ಹಾಗಾಗಿ ಲೆಕ್ಕವನ್ನೇ ಕೊಡುತ್ತೇನೆ. ಮೇಲೇಳುವಾಗ ಈ ವಿಮಾನದ ಒಟ್ಟು ತೂಕ 1,157 ಕಿಲೋ ಮೀರುವಂತಿಲ್ಲ. ನಮ್ಮದರ ಖಾಲಿ ತೂಕ 765 ಕಿಲೋ ಹತ್ತಿರ. ಉಳಿದದ್ದು 390. ಟ್ಯಾಂಕಿನಲ್ಲಿ ಬಳಸಬಹುದಾದ ಇಂಧನ 200 ಲೀಟರ್, ತುಂಬಿಸಿದರೆ ಅದೇ 144 ಕಿಲೋ. ಇನ್ನುಳಿದ 245 ಕಿಲೋದಲ್ಲಿ 80 ಕಿಲೋದ ಮೂವರು ಕೂತರೆ ಮುಗಿಯಿತು. ನಾಲ್ಕನೆಯವರು ಹತ್ತಬೇಕಾದರೆ ಟ್ಯಾಂಕು ಅರ್ಧ ಖಾಲಿ ಇರಬೇಕು, ಆಗ ದೂರ ಹೋಗುವಂತಿಲ್ಲ.

ಎಷ್ಟು ತೂಕ ಅನ್ನುವಷ್ಟೇ, ಎಲ್ಲಿ ತೂಕ ಅನ್ನುವುದೂ ಮುಖ್ಯ. ಹಿಂದೆ ಭಾರ ಹೆಚ್ಚಾದರೆ ಮೂಗು ಮೇಲೆದ್ದು, ಇಳಿಸಿದರೂ ಇಳಿಯದ ಸ್ಥಿತಿ ಬರಬಹುದು. ಮಂದಿಗೆ ತೂಕ ಕೇಳಿದರೆ ಐದು ಕಿಲೋ ಕಡಿಮೆ ಹೇಳುತ್ತಾರೆ, ಹೆಣ್ಣುಮಕ್ಕಳಷ್ಟೇ ಅಲ್ಲ ಗಂಡಸರೂ. ಅದಕ್ಕೆ ಸಾಹುಕಾರರು ತಮ್ಮ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನೇ ತಂದರು, ಹತ್ತಿಯ ಮಾದರಿ ಚೀಲ ತೂಗುವಂಥದ್ದು. ಹತ್ತುವ ಮುನ್ನ ಎಲ್ಲರೂ ಅದರ ಮೇಲೆ ನಿಲ್ಲಬೇಕು, ರೊಟ್ಟಿಯ ಗಂಟು ಕೈಯಲ್ಲಿ ಹಿಡಿದುಕೊಂಡೇ. ಸಾಹುಕಾರರು ಗಿಡ್ಡ ಆಳು. ಮುಂದೆ ಕಾಣಲಿ ಅಂತ ಅವರ ಮನೆಯವರು ಹಳೆ ಇಳಕಲ್ ಸೀರೆಯಲ್ಲಿ ಒಂದು ದಿಂಬು ಹೊಲಿದು ಕೊಟ್ಟಿದ್ದಾರೆ. ಡಾಕ್ಟರು ಅದನ್ನೂ ತೂಗಿ ಹಾಳೆಯಲ್ಲಿ ಬರೆದರು: 600 ಗ್ರಾಂ.

## ರೊಕ್ಕದ ಮಾತು

ಒಟ್ಟ ಎಷ್ಟ ಬಿತ್ರಿ? ಬಾಯಿ ಬಿಟ್ಟ ಹೇಳ್ರಿ.

ಹೊಸದು ಬೇಕೆಂದರೆ ಅಮೆರಿಕದ ಕಂಪನಿಯಲ್ಲಿ ಈಗ 4 ಲಕ್ಷ ಡಾಲರಿಗೂ ಮೇಲೆ. ಅದರ ಮೇಲೆ ಸಾಗಣೆ, ಸುಂಕ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ 28ರಿಂದ 40 ಪ್ರತಿಶತಕ್ಕೆ ಏರಿದೆ. ಹೊರಗಿನಿಂದ ತರಿಸುವುದಕ್ಕೆ ಡಿಜಿಸಿಎ, ಅಂದರೆ ವಿಮಾನಯಾನ ನೋಡಿಕೊಳ್ಳುವ ಕೇಂದ್ರದ ಇಲಾಖೆಯ ಒಪ್ಪಿಗೆಯೂ ಬೇಕು. ನಾವು ಆ ದಾರಿ ಹಿಡಿಯಲೇ ಇಲ್ಲ. ಇಲ್ಲೇ ನೋಂದಣಿಯಾಗಿ, ಮೈಮೇಲೆ ವಿಟಿ ಅಕ್ಷರ ಬರೆಸಿಕೊಂಡು, ಮಾಲೀಕರಿಗೆ ಬೇಸರ ಬಂದು ನಿಂತಿದ್ದ ವಿಮಾನ ಕೊಂಡೆವು. ಧಾರವಾಡದಲ್ಲಿ ಎರಡು ಒಳ್ಳೆಯ ಫ್ಲ್ಯಾಟ್ ಬರುವಷ್ಟು ರೊಕ್ಕ, ಮೂರು ಪಾಲು ಮಾಡಿ. ನನ್ನ ಪಾಲಿಗೆ ನವಲೂರು ಹತ್ತಿರದ ಒಂದು ಪ್ಲಾಟ್ ಮಾರಿದೆ. ಆ ಪ್ಲಾಟಿನ ಇವತ್ತಿನ ರೇಟು ಏನು ಅಂತ ಮನೆಯಲ್ಲಿ ತಿಂಗಳಿಗೊಮ್ಮೆ ನೆನಪು ಮಾಡಿಕೊಡುತ್ತಾರೆ.

ಹಾರಸಲಿಲ್ಲಂದ್ರ ಖರ್ಚ ಇಲ್ಲಲ್ರಿ?

ಎತ್ತು ಗಳೇ ಹೊಡೆಯದ ದಿನವೂ ಮೇವು ಕೇಳುತ್ತದೆ. ವಿಮೆ, ನಿಲ್ಲಿಸಿದ್ದಕ್ಕೆ ಬಾಡಿಗೆ, ವರ್ಷಕ್ಕೊಮ್ಮೆ ಹಾರಲು ಯೋಗ್ಯ ಅನ್ನುವ ಸರ್ಟಿಫಿಕೇಟಿನ ನವೀಕರಣ, ಅದಕ್ಕೆ ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆಯ ಫೀ, ರೇಡಿಯೋ ಲೈಸೆನ್ಸ್, ನಕ್ಷೆಗಳ ಚಂದಾ: ಇವೆಲ್ಲ ಚಕ್ರ ಉರುಳಲಿ ಬಿಡಲಿ ಬರುತ್ತವೆ. ಹೋದ ವರ್ಷ ನಾವು ಮೂವರೂ ಕೂಡಿ ಹಾರಿಸಿದ್ದು 61 ಗಂಟೆ. ಇಂಧನಕ್ಕೆ ಹೋದ ರೊಕ್ಕ ಒಟ್ಟು ಖರ್ಚಿನ ಮೂರನೆ ಒಂದು ಪಾಲಿಗಿಂತ ಕಡಿಮೆ. ಅಂದರೆ ಹಾರದೆ ಇದ್ದದ್ದಕ್ಕೇ ಹೆಚ್ಚು ಕೊಟ್ಟೆವು.

ಇನ್ನೊಂದು ಮಾತು, ಇದನ್ನು ಹೊಸಬರು ನಂಬುವುದಿಲ್ಲ. ನಿಂತ ಇಂಜಿನ್ ಓಡುವ ಇಂಜಿನ್ನಿಗಿಂತ ಬೇಗ ಹಾಳಾಗುತ್ತದೆ. ಆಯಿಲ್ ಕೆಳಗಿಳಿದು ಬಿಡುತ್ತದೆ, ಒಳಗೆ ಉಳಿದ ನೀರಿನಂಶ ಉಕ್ಕನ್ನು ತಿನ್ನುತ್ತದೆ. ಲೇಥ್ ಮಷಿನ್ನಿನ ಬೆಡ್ಡಿಗೆ ಎಣ್ಣೆ ಸವರದೆ ಮಳೆಗಾಲ ಕಳೆದವರಿಗೆ ಇದು ಗೊತ್ತು.

ಬ್ಯಾಂಕಿನವ್ರು ಸಾಲ ಕೊಡತಾರೇನ್ರಿ?

ನಾನು ಕೇಳಿದ ಮ್ಯಾನೇಜರ್ ಸಾಹೇಬರು ಚಹಾ ತರಿಸಿದರು, ಮಗನ ಶಾಲೆಗೆ ಬಂದು ವಿಮಾನದ ಬಗ್ಗೆ ಮಾತಾಡಿ ಅಂದರು, ಸಾಲ ಕೊಡಲಿಲ್ಲ.

ಮೂರು ಮಂದಿ ಪಾಲು ಅಂದ್ರ ಜಗಳ ಆಗಂಗಿಲ್ಲೇನು?

ಆಗಿವೆ. ಮೊದಲ ವರ್ಷ ಖರ್ಚನ್ನು ಮೂರು ಸಮ ಪಾಲು ಮಾಡಿದೆವು. ಡಾಕ್ಟರು ಪ್ರತಿ ಭಾನುವಾರ ಹಾರಿಸುತ್ತಿದ್ದರು, ಸಾಹುಕಾರರು ಹತ್ತಿಯ ಹಂಗಾಮಿನಲ್ಲಿ ನಾಲ್ಕು ತಿಂಗಳು ಈ ಕಡೆ ಮುಖ ಹಾಕಲಿಲ್ಲ. ಯುಗಾದಿಗೆ ಲೆಕ್ಕ ತೆಗೆದಾಗ ಮಾತು ಜೋರಾಯಿತು. ಆಮೇಲೆ ಮಾಡಿಕೊಂಡ ವ್ಯವಸ್ಥೆ ಇವತ್ತಿಗೂ ನಡೆದಿದೆ. ನಿಂತ ಖರ್ಚು ಮೂವರಿಗೂ ಸಮ. ಹಾರಾಟದ ಖರ್ಚು ಅವರವರ ಗಂಟೆಗೆ ತಕ್ಕಂತೆ, ಮೀಟರ್ ನೋಡಿ. ಇಂಜಿನ್ ತಯಾರಕರು ಹೇಳುವ ಪ್ರಕಾರ 2,000 ಗಂಟೆಗೆ ಅಥವಾ 12 ವರ್ಷಕ್ಕೆ ಪೂರ್ತಿ ಬಿಚ್ಚಿ ಕಟ್ಟಬೇಕು. ಅದಕ್ಕೆ ಪ್ರತಿ ಗಂಟೆಗೆ ಇಷ್ಟು ಅಂತ ಬೇರೆ ಖಾತೆಗೆ ಹಾಕುತ್ತೇವೆ. ಆ ಖಾತೆಯಿಂದ ರೊಕ್ಕ ತೆಗೆಯಲು ಮೂವರ ಸಹಿ ಬೇಕು.

ಸಣ್ಣ ಜಗಳಗಳಿಗೆ ಒಂದು ಉದ್ದನೆಯ ಲೆಡ್ಜರ್ ಇದೆ, ಸಾಹುಕಾರರ ಅಂಗಡಿಯದೇ, ಕೆಂಪು ಬಟ್ಟೆಯ ರಟ್ಟು. ಇಳಿಸಿದವರು ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ, ಆಯಿಲ್ ಎಷ್ಟು, ಏನು ಸದ್ದು ಕೇಳಿತು ಅಂತ ಅದರಲ್ಲಿ ಬರೆದೇ ಮನೆಗೆ ಹೋಗಬೇಕು. 'ಎಡ ಬ್ರೇಕ್ ಮೆತ್ತಗ ಐತಿ. ಹಿಂದಿನ ಸೀಟಿನ್ಯಾಗ ಚುರುಮುರಿ ಚೆಲ್ಲೈತಿ, ಯಾರದು?' ಇಂಥವು ಇರುತ್ತವೆ. ಚುರುಮುರಿ ನನ್ನದಾಗಿತ್ತು. ಪಾಲುದಾರರನ್ನು ಆರಿಸುವಾಗ ಅವರ ರೊಕ್ಕಕ್ಕಿಂತ ಅವರು ಬರೆದಿಡುವವರೋ ಅಲ್ಲವೋ ಅನ್ನುವುದನ್ನು ನೋಡ್ರಿ.

ಬಾಡಿಗಿಗೆ ಬಿಟ್ಟು ರೊಕ್ಕ ಎತ್ತಬಹುದಲ್ಲ?

ಬರುವುದಿಲ್ಲ. ವಿಮಾನ ಖಾಸಗಿ ವರ್ಗದಲ್ಲಿ ನೋಂದಣಿಯಾಗಿದೆ, ನಮ್ಮ ಲೈಸೆನ್ಸೂ ಖಾಸಗಿ. ಒಬ್ಬರಿಂದ ಟಿಕೆಟ್ ರೊಕ್ಕ ತೆಗೆದುಕೊಂಡರೂ ಕಾನೂನು ಮುರಿದಂತೆ, ಮೇಲೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. 'ಡೀಸೆಲ್ ರೊಕ್ಕ ಕೊಡತೇವ್ರಿ' ಅನ್ನುವ ಗೆಳೆಯರಿಗೂ ಇದೇ ಉತ್ತರ.

## ಎಣ್ಣಿ, ನೆಲ, ನೆರಳು

ಬಂಕಿನ ಪೆಟ್ರೋಲ್ ಹಾಕಿದ್ರ ನಡ್ಯಂಗಿಲ್ಲೇನ್ರಿ?

ನಮ್ಮ ಇಂಜಿನ್ನಿಗೆ ನಡೆಯುವುದಿಲ್ಲ. ಅದು ಕುಡಿಯುವುದು ಆವ್‌ಗ್ಯಾಸ್ 100 ಎಲ್‌ಎಲ್. ಗುರುತು ಸಿಗಲಿ ಅಂತ ಅದಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ, ಬಿಳಿ ಬಟ್ಟೆಗೆ ಹಾಕುವ ನೀಲಿ ನೀರಿನಲ್ಲಿ ಕರಗಿದಾಗ ಬರುವ ತೆಳು ಬಣ್ಣ. ಮೊದಲು ಇದು ಪೂರ್ತಿ ಹೊರದೇಶದಿಂದ ಬರುತ್ತಿತ್ತು. 2022ರ ಸೆಪ್ಟೆಂಬರಿನಿಂದ ಇಂಡಿಯನ್ ಆಯಿಲ್ ಕಂಪನಿ ವಡೋದರದ ರಿಫೈನರಿಯಲ್ಲಿ ಮಾಡಿದ್ದನ್ನು ಮಾರುತ್ತಿದೆ. ಆದರೂ ಪ್ರಯಾಣಿಕರ ವಿಮಾನಕ್ಕೆ ಹಾಕುವ ಎಟಿಎಫ್ ಸಿಕ್ಕಷ್ಟು ಸಲೀಸಾಗಿ ಇದು ಸಿಗುವುದಿಲ್ಲ. ಹಾರಾಟ ಶಾಲೆ ಇರುವ ಕಡೆ ಸಿಗುತ್ತದೆ, ಉಳಿದ ಕಡೆ 200 ಲೀಟರಿನ ಬ್ಯಾರಲ್ ತರಿಸಬೇಕು. ಗಂಟೆಗೆ ನಮ್ಮದು ಸುಮಾರು 35 ಲೀಟರ್ ಕುಡಿಯುತ್ತದೆ. ಹಾಗಾಗಿ ನಾವು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಬಹಳ ಸಲ ಊರಲ್ಲ, ಬ್ಯಾರಲ್ಲೇ ನಿರ್ಧರಿಸುತ್ತದೆ.

ರೋಟ್ಯಾಕ್ಸ್ 912 ಎಂಬ ಸಣ್ಣ ಇಂಜಿನ್ ಇರುವ ಹಗುರ ವಿಮಾನಗಳು ಕಾರಿನ ಪೆಟ್ರೋಲಿನಲ್ಲಿ ಓಡುತ್ತವೆ ನಿಜ. ಅವಕ್ಕೂ ಎಥನಾಲ್ 10 ಪ್ರತಿಶತ ದಾಟಬಾರದು. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20 ಪ್ರತಿಶತದ್ದು. ಎಟಿಎಫ್‌ನಲ್ಲೇ ಓಡುವ ಡೀಸೆಲ್ ಇಂಜಿನ್ನಿನ ಡೈಮಂಡ್ ಡಿಎ40 ಇದೆ. ಹುಬ್ಬಳ್ಳಿಯಂಥ ಊರಿಗೆ ಹೇಳಿ ಮಾಡಿಸಿದ್ದು, ರೊಕ್ಕ ಇದ್ದವರಿಗೆ.

ಹಾರುವ ಮುನ್ನ ಇಂಧನ ನೋಡುವ ಕೆಲಸ ಒಂದಿದೆ. ಈ ವಿಮಾನದಲ್ಲಿ ಒಂದೊಂದು ರೆಕ್ಕೆಯ ಕೆಳಗೆ ಐದು, ಹೊಟ್ಟೆಯ ಕೆಳಗೆ ಮೂರು, ಒಟ್ಟು 13 ಕಡೆ ಸಣ್ಣ ಬಿರಡೆ. ಪಾರದರ್ಶಕ ಕಪ್ ಒತ್ತಿ ಒಂದೊಂದು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಬೆಳಕಿಗೆ ಹಿಡಿಯಬೇಕು. ನೀರು ಇದ್ದರೆ ತಳದಲ್ಲಿ ಗುಂಡಗೆ ಹನಿಯಾಗಿ ಕೂತಿರುತ್ತದೆ. ಕಪ್ಪಿನಲ್ಲಿರುವುದೆಲ್ಲ ನೀರೇ ಆದರೆ ಗೆರೆ ಕಾಣುವುದಿಲ್ಲ, ಆಗ ಬಣ್ಣವೇ ಸಾಕ್ಷಿ. ನೀಲಿ ಇಲ್ಲದಿದ್ದರೆ ಅದು ಪೆಟ್ರೋಲಲ್ಲ. ಒಂದು ಜುಲೈ ಮುಂಜಾನೆ ಬಲ ರೆಕ್ಕೆಯಿಂದ ಮೂರು ಕಪ್ ಬಣ್ಣವಿಲ್ಲದ ನೀರು ಬಂತು, ಮುಚ್ಚಳದ ರಬ್ಬರ್ ಸೀಳಿತ್ತು. ಅವತ್ತಿನಿಂದ ಹದಿಮೂರರಲ್ಲಿ ಒಂದನ್ನೂ ಬಿಟ್ಟಿಲ್ಲ.

ಎಲ್ಲಿ ಇಟ್ಟೀರಿ ಅದನ್ನ? ಮಳಿ ಬಂದ್ರ?

ಒಣಗಾಲದಲ್ಲಿ ಹುಬ್ಬಳ್ಳಿಯಲ್ಲಿ, ಬಯಲಲ್ಲಿ, ರೆಕ್ಕೆಗೂ ಬಾಲಕ್ಕೂ ಹಗ್ಗ ಬಿಗಿದು, ಮೇಲೆ ಕ್ಯಾನ್ವಾಸ್ ಹೊದಿಸಿ. ಮೃಗಶಿರಾ ಹೊತ್ತಿಗೆ ಬೆಂಗಳೂರು ಕಡೆಯ ಬಾಡಿಗೆ ಹ್ಯಾಂಗರಿಗೆ ಒಯ್ದು ಬಿಟ್ಟು, ದಸರೆಗೆ ತರುತ್ತೇವೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಧಾರವಾಡದ ಮೇಲಿನ ಮೋಡ ಕೆಳಗಿಳಿದು ಕೂತರೆ ನಮ್ಮಂಥ ಕಣ್ಣಿನಿಂದ ನೋಡಿ ಹಾರುವವರಿಗೆ ಜಾಗವೇ ಇರುವುದಿಲ್ಲ. ಮಳೆಗಿಂತ ನಾನು ಹೆದರುವುದು ಏಪ್ರಿಲ್-ಮೇ ತಿಂಗಳ ಅಡ್ಡಮಳೆಗೆ. ಸಂಜೆ ನಾಲ್ಕಕ್ಕೆ ಬಿಸಿಲು, ನಾಲ್ಕೂವರೆಗೆ ಧೂಳು, ಐದಕ್ಕೆ ಆಣೆಕಲ್ಲು. ಮೋಡ ಕಟ್ಟಿದ್ದು ಕಂಡರೆ ವರ್ಕ್‌ಶಾಪಿನ ಹುಡುಗರನ್ನು ಬಿಟ್ಟು ನಾನು ಹಗ್ಗ ನೋಡಲು ಓಡುತ್ತೇನೆ.

ನಮ್ಮ ಹೊಲದಾಗ ಇಳಸ್ರೆಲಾ ಒಮ್ಮೆ. ಎಂಟೆಕರೆ ಸಪಾಟ ಐತಿ.

ಪ್ರೀತಿಯಿಂದ ಕರೆಯುತ್ತೀರಿ, ಆದರೆ ಅನುಮತಿ ಇರುವ ನಿಲ್ದಾಣದಲ್ಲೋ ಏರ್‌ಸ್ಟ್ರಿಪ್ಪಿನಲ್ಲೋ ಇಳಿಸಬೇಕು. ನಮ್ಮ ಸುತ್ತ ಬೆಳಗಾವಿಯ ಸಾಂಬ್ರಾ ಇದೆ, 2023ರಲ್ಲಿ ಶುರುವಾದ ಶಿವಮೊಗ್ಗ ಇದೆ. ಕೊಪ್ಪಳದ ಗಿಣಿಗೇರಿ ಹತ್ತಿರದ್ದು, ತೋರಣಗಲ್ಲಿನದು ಖಾಸಗಿ ಕಂಪನಿಗಳ ಸ್ವತ್ತು, ಅವರ ಒಪ್ಪಿಗೆ ಇಲ್ಲದೆ ಚಕ್ರ ಊರುವಂತಿಲ್ಲ. ಇಷ್ಟರಲ್ಲೇ ನಮ್ಮ ಸಂಸಾರ.

ಮಗಳ ಲಗ್ನದಾಗ ಮ್ಯಾಲಿಂದ ಹೂವು ಚೆಲ್ಲತೀರೇನ್ರಿ?

ಇದುವರೆಗೆ ಒಂಬತ್ತು ಮಂದಿ ಕೇಳಿದ್ದಾರೆ. ವಿಮಾನದಿಂದ ಏನನ್ನೇ ಕೆಳಗೆ ಹಾಕಬೇಕಾದರೂ ಮೊದಲೇ ಅನುಮತಿ ಬೇಕು, ಅದು ಗುಲಾಬಿ ಪಕಳೆಯಾದರೂ. ಮೇಲಾಗಿ ಊರಿನ ಮೇಲೆ ಹಾರುವಾಗ ಸುತ್ತಲೂ 600 ಮೀಟರ್ ದೂರದೊಳಗಿರುವ ಅತಿ ಎತ್ತರದ ಕಟ್ಟಡಕ್ಕಿಂತ 300 ಮೀಟರ್ ಮೇಲಿರಬೇಕು. ಅಲ್ಲಿಂದ ಚೆಲ್ಲಿದ ಹೂವು ನಿಮ್ಮ ಮಂಟಪದಲ್ಲಿ ಬೀಳುವುದಿಲ್ಲ, ಗಾಳಿ ಇದ್ದರೆ ಕುಂದಗೋಳದಲ್ಲಿ ಬೀಳುತ್ತದೆ.

## ಹೆದರಿಕೆಯವು

ನಡು ಆಕಾಶದಾಗ ಇಂಜಿನ್ ಬಂದ್ ಬಿದ್ರ? ಒಂದ ಇಂಜಿನ್ ಅಂತೀರಿ.

ಕಲ್ಲಿನಂತೆ ಬೀಳುವುದಿಲ್ಲ, ಜಾರುತ್ತದೆ. ವೇಗವನ್ನು ಗಂಟೆಗೆ ಸುಮಾರು 126 ಕಿಲೋಮೀಟರಿಗೆ, ಅಂದರೆ 68 ನಾಟ್‌ಗೆ ಹಿಡಿದರೆ ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಎಂಟು ಕಿಲೋಮೀಟರ್ ಸುತ್ತಿನಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬೈಗೆ ಟಪಾಲು ತಂದದ್ದು ಒಂದೇ ಇಂಜಿನ್ನಿನ ಪುಸ್ ಮೋತ್‌ನಲ್ಲಿ. ಆ ಟಪಾಲು ಮುಂದೆ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಹೋಯಿತು. ಒಂದೇ ಇಂಜಿನ್ ಅನ್ನುವುದು ಹೊಸ ಸಾಹಸವೇನಲ್ಲ.

ಎಲ್ಲಿ ಇಳಿಸಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಇದಕ್ಕೆ ಅಮೆರಿಕದ ಪುಸ್ತಕದಲ್ಲಿ ಉತ್ತರ ಇಲ್ಲ, ನಮ್ಮ ಭಾಗದ ಒಕ್ಕಲಿಗರ ಹತ್ತಿರ ಇದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ, ನವಲಗುಂದದ ಕಡೆ ಸಪಾಟು ಎರೆ ಭೂಮಿ. ಮೇಲಿನಿಂದ ನೋಡಿದರೆ ದೇವರು ಹಾಸಿದ ರನ್‌ವೇ ಅನ್ನಿಸುತ್ತದೆ. ಆದರೆ ಮಳೆಯಾದ ಮೇಲೆ ಆ ಎರೆಯಲ್ಲಿ ಮುಂದಿನ ಗಾಲಿ ಹುಗಿದು ವಿಮಾನ ಪಲ್ಟಿ ಹೊಡೆಯುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಹಿಂಗಾರಿ ಜೋಳ ಕೊಯ್ದ ಮೇಲೆ ಎರೆ ಇನ್ನೂ ಗಟ್ಟಿ ಇರುವ ಕೆಲವು ವಾರ ಮಾತ್ರ ಅದು ಒಳ್ಳೆಯದು. ಉಳಿದ ಕಾಲಕ್ಕೆ ನಾನು ಕೆಂಪಗೆ ಕಾಣುವ ಮಸಾರಿ ನೆಲ ಹುಡುಕುತ್ತೇನೆ, ಅದು ನೀರು ಬಸಿದು ಬೇಗ ಗಟ್ಟಿಯಾಗುತ್ತದೆ. ಪಶ್ಚಿಮಕ್ಕೆ ಕಲಘಟಗಿ ದಾಟಿದರೆ ಕಾಡು, ಅಲ್ಲಿ ಎತ್ತರ ಇಟ್ಟುಕೊಂಡೇ ಹೋಗಬೇಕು. ಗದಗ ಕಡೆ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು. ಅವುಗಳಿಂದ ದೂರ ಇದ್ದರೂ ಒಂದು ಉಪಕಾರ ಒಪ್ಪಬೇಕು: ರೆಕ್ಕೆಗಳು ಯಾವ ಕಡೆ ಮುಖ ಮಾಡಿವೆ ಅಂತ ನೋಡಿದರೆ ಗಾಳಿ ಎತ್ತಲಿಂದ ಅಂತ ಗೊತ್ತಾಗುತ್ತದೆ. ವಿದ್ಯುತ್ ತಂತಿ ಮಾತ್ರ ಮೇಲಿನಿಂದ ಕಾಣುವುದೇ ಇಲ್ಲ. ಕಂಬ ಹುಡುಕಬೇಕು, ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿಯಬೇಕು.

ಮೇ ತಿಂಗಳ ಮಧ್ಯಾಹ್ನ ಯಾಕ ಹಾರಸಂಗಿಲ್ಲ? ಆಕಾಶ ಸ್ವಚ್ಛ ಇರತೈತಲ್ಲ?

ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಬಿಸಿಲು 38 ಡಿಗ್ರಿ ಇದ್ದರೆ ಗಾಳಿ ತೆಳುವಾಗಿ, ಇಂಜಿನ್ನಿಗೂ ರೆಕ್ಕೆಗೂ 5,400 ಅಡಿ ಎತ್ತರದಲ್ಲಿದ್ದಂತೆ ಅನ್ನಿಸುತ್ತದೆ. ಸಮುದ್ರದಂಡೆಯ ತಂಪು ದಿನಕ್ಕೆ ಹೋಲಿಸಿದರೆ ಮೇಲೇಳಲು ಹೆಚ್ಚುಕಡಿಮೆ ಒಂದೂವರೆ ಪಟ್ಟು ಓಟ ಬೇಕು. 2,600 ಮೀಟರ್ ರನ್‌ವೇ ಇರುವುದರಿಂದ ಓಟಕ್ಕೆ ತೊಂದರೆ ಇಲ್ಲ. ಎದ್ದ ಮೇಲೆ ಏರುವುದು ನಿಧಾನ, ಕೆಳಗಿನ ಬಿಸಿಗಾಳಿ ಎತ್ತಿ ಎತ್ತಿ ಒಗೆಯುತ್ತದೆ, ಹಿಂದೆ ಕೂತವರು ಊಟ ಕಕ್ಕುತ್ತಾರೆ.

ಇನ್ನೊಂದು ಕಾಟ ಇಂಜೆಕ್ಷನ್ ಇಂಜಿನ್ನಿನದು. ಇಳಿದು ಹತ್ತು ನಿಮಿಷ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಆಗುವುದಿಲ್ಲ. ಬಿಸಿಗೆ ಕೊಳವೆಯಲ್ಲಿದ್ದ ಪೆಟ್ರೋಲ್ ಆವಿಯಾಗಿರುತ್ತದೆ. ಹಟ ಹಿಡಿದು ತಿರುಗಿಸಿದರೆ ಬ್ಯಾಟರಿ ಸಾಯುತ್ತದೆ. ಇಂಜಿನ್ನಿನ ಹೊದಿಕೆಯ (ಕೌಲಿಂಗಿನ) ಸಣ್ಣ ಬಾಗಿಲು ತೆರೆದಿಟ್ಟು ನೆರಳು ಹುಡುಕಿ ಕೂತುಬಿಡುವುದು ಲೇಸು.

ಇದುವರೆಗೂ ಏನರ ಆಗೇತೇನ್ರಿ? ಖರೆ ಹೇಳ್ರಿ.

ಒಮ್ಮೆ ಆಗಿತ್ತು, ತಪ್ಪು ನನ್ನದೇ. ದೀಪಾವಳಿ ಮುಂದೆ ಎರಡು ವಾರ ವಿಮಾನ ನಿಂತಿತ್ತು. ಎಡ ರೆಕ್ಕೆಯ ಕೆಳಗೆ ವೇಗ ಅಳೆಯುವ ಸಣ್ಣ ನಳಿಗೆ ಇದೆ, ಅದಕ್ಕೆ ಕೆಂಪು ಚೀಲ ಹಾಕಬೇಕು. ಹಾಕಿರಲಿಲ್ಲ. ಹಾರುವ ದಿನ ಬಗ್ಗಿ ನೋಡಿದೆ, ಬೆಳಕು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ, ತೂತು ಕಪ್ಪಗೇ ಕಂಡಿತು. ರನ್‌ವೇಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟೆ. ಪಟ್ಟಿಗಳು ಬರಬರ ಹಿಂದೆ ಸರಿಯುತ್ತಿವೆ, ವೇಗದ ಮುಳ್ಳು ಸೊನ್ನೆಯ ಮೇಲೆ ಮಲಗಿದೆ. 55 ನಾಟ್‌ನಲ್ಲಿ ಎತ್ತಬೇಕಾದದ್ದು, ಎಷ್ಟಿದೆ ಅಂತಲೇ ಗೊತ್ತಿಲ್ಲ. ಪಕ್ಕದಲ್ಲಿದ್ದ ಡಾಕ್ಟರು 'ಮುಳ್ಳು' ಅಂದರು, ಅಷ್ಟೇ. ಥ್ರಾಟಲ್ ಎಳೆದೆ. ಅರ್ಧಕ್ಕೂ ಹೆಚ್ಚು ರನ್‌ವೇ ಮುಂದಿತ್ತು, ನಿಂತಿತು. ಹಿಂದೆ ಕಾಯುತ್ತಿದ್ದ ಪ್ರಯಾಣಿಕರ ವಿಮಾನಕ್ಕೆ ನಮ್ಮಿಂದ ತಡವಾಯಿತು. ನಳಿಗೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜ ಮನೆ ಮಾಡಿತ್ತು, ಕಡಲೆ ಗಾತ್ರದ ಒಂದು ಉಂಡೆ. ಆ ಉಂಡೆಯನ್ನು ಡಾಕ್ಟರು ಹಲ್ಲಿನ ಸ್ಯಾಂಪಲ್ ಇಡುವ ಡಬ್ಬಿಯಲ್ಲಿ ಹಾಕಿ ಲೆಡ್ಜರಿನ ಪಕ್ಕ ಇಟ್ಟಿದ್ದಾರೆ.

## ತೊಗೊಳ್ಳಾಕ ನಿಂತವರು ಕೇಳುವವು

ರಿಪೇರಿ ನೀವ ಮಾಡ್ಕೋತೀರೇನು? ನಿಮ್ದ ವರ್ಕ್‌ಶಾಪ್ ಐತಲ್ಲ.

ಕೈ ತುರಿಸುತ್ತದೆ, ಆದರೆ ಮುಟ್ಟುವಂತಿಲ್ಲ. ಲೈಸೆನ್ಸ್ ಇರುವ ಎಂಜಿನಿಯರ್ ಮಾಡಿ, ಲಾಗ್‌ಬುಕ್ಕಿನಲ್ಲಿ ಸಹಿ ಹಾಕಿದರೇ ಅದು ರಿಪೇರಿ. ನಾನೇ ತಿರುಗಿಸಿದ ಬೋಲ್ಟು ಎಷ್ಟೇ ಚೊಕ್ಕ ಇದ್ದರೂ ಕಾಗದದಲ್ಲಿ ಅದು ಬೋಲ್ಟೇ ಅಲ್ಲ. 50 ಗಂಟೆಗೊಮ್ಮೆ ಆಯಿಲ್ ಮತ್ತು ಫಿಲ್ಟರ್, 100 ಗಂಟೆಗೊಮ್ಮೆ ಪೂರ್ತಿ ತಪಾಸಣೆ.

ಒಂದು ಸಂಕಟ ಹೇಳಿಕೊಳ್ಳುತ್ತೇನೆ. ಮೂರನೆ ಸಿಲಿಂಡರಿನ ಒತ್ತಡ ಕಡಿಮೆ ಬಂತು ಅಂತ ಬೇರೆ ಊರಿನ ಒಂದು ರಿಪೇರಿ ಕೇಂದ್ರದಲ್ಲಿ ಬಿಟ್ಟೆವು. ಹದಿನೈದು ದಿನ ಅಂದವರು ನಾಲ್ಕು ತಿಂಗಳು ಮಾಡಿದರು. ಸಾಮಾನು ಹೊರದೇಶದಿಂದ ಬಂದು ಕಸ್ಟಮ್ಸಿನಲ್ಲಿ ಕೂತದ್ದು ಆರು ವಾರ, ಉಳಿದದ್ದಕ್ಕೆ ಕಾರಣ ಯಾರೂ ಹೇಳಲಿಲ್ಲ. ಹೋಗಿ ನೋಡಿದರೆ ಬಿಚ್ಚಿದ ಕಡೆ ಬರೀ ಹಳೆ ಬಟ್ಟೆ ತುರುಕಿದ್ದರು. ನಮ್ಮ ವರ್ಕ್‌ಶಾಪಿನಲ್ಲಿ ಪಂಪ್‌ಸೆಟ್ ಬಿಚ್ಚಿದರೂ ಹುಡುಗರು ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾರೆ. ಈಗ ಎಲ್ಲಿ ಬಿಟ್ಟರೂ ವಾರಕ್ಕೊಮ್ಮೆ ನಮ್ಮಲ್ಲೊಬ್ಬರು ಹೋಗಿ ಪಕ್ಕದಲ್ಲಿ ನಿಲ್ಲುತ್ತೇವೆ.

ಮ್ಯಾಗ್ನೆಟೋ ಡ್ರಾಪ್ ಜಾಸ್ತಿ ತೋರಸಾಕತ್ತೈತಿ, ಹೊಸಾದು ಹಾಕಸಲೇನು?

ತಡಿರಿ. ಮ್ಯಾಗ್ನೆಟೋ ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಸಾಧನ. ಈ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರಿಗೆ ಎರಡು ಪ್ಲಗ್, ಇಡೀ ಇಂಜಿನ್ನಿಗೆ ಎರಡು ಮ್ಯಾಗ್ನೆಟೋ. ಹಾರುವ ಮುನ್ನ ಇಂಜಿನ್ನನ್ನು ನಿಮಿಷಕ್ಕೆ 1,800 ಸುತ್ತಿಗೆ ಇಟ್ಟು ಒಂದೊಂದನ್ನೇ ಬಂದ್ ಮಾಡಿ ನೋಡುತ್ತೇವೆ. ಸುತ್ತಿನ ಇಳಿತ 150 ದಾಟಬಾರದು, ಎರಡರ ನಡುವಿನ ಅಂತರ 50 ದಾಟಬಾರದು. ದಾಟಿದರೆ ಬಹಳ ಸಲ ತಪ್ಪು ಮ್ಯಾಗ್ನೆಟೋದ್ದಲ್ಲ, ಪ್ಲಗ್ಗಿನದು. ಆವ್‌ಗ್ಯಾಸಿನಲ್ಲಿ ಸೀಸ ಇದೆ. ನೆಲದ ಮೇಲೆ ನಿಧಾನ ಓಡಿಸುವಾಗ ಅದು ಕೆಳಗಿನ ಪ್ಲಗ್ಗುಗಳಲ್ಲಿ ಬೂದು ಬಣ್ಣದ ಕಾಳಿನಂತೆ ಕೂರುತ್ತದೆ. 1,800ರಲ್ಲೇ ಮಿಶ್ರಣ ತೆಳು ಮಾಡಿ (ಗಾಳಿಗೆ ಸೇರುವ ಇಂಧನ ಕಡಿಮೆ ಮಾಡಿ) ಒಂದೆರಡು ನಿಮಿಷ ಓಡಿಸಿದರೆ ಸುಟ್ಟು ಹೋಗುತ್ತದೆ. ಹೋಗದಿದ್ದರೆ ವಾಪಸ್ ಬಂದು ಎಂಜಿನಿಯರಿಗೆ ತೋರಿಸ್ರಿ. ಟ್ಯಾಕ್ಸಿ ಮಾಡುವಾಗಲೇ, ಅಂದರೆ ನೆಲದ ಮೇಲೆ ಓಡಿಸುವಾಗಲೇ, ಮಿಶ್ರಣ ತೆಳು ಇಟ್ಟುಕೊಂಡರೆ ಈ ತೊಂದರೆ ಅಪರೂಪ.

ಸೆಕೆಂಡ್ ಹ್ಯಾಂಡ್ ನೋಡೂದು ಹೆಂಗ್ರಿ?

ವಿಮಾನಕ್ಕಿಂತ ಮೊದಲು ಲಾಗ್‌ಬುಕ್ ನೋಡ್ರಿ, ಮೊದಲ ಪುಟದಿಂದ. ನಡುವೆ ಎರಡು ವರ್ಷ ಏನೂ ಬರೆದಿಲ್ಲ ಅಂದರೆ ಎರಡು ವರ್ಷ ನಿಂತಿತ್ತು ಅಂತ ಅರ್ಥ, ಇಂಜಿನ್ನಿನೊಳಗೆ ವಾಲ್ವ್ ಎತ್ತುವ ಕ್ಯಾಮ್ ತುಕ್ಕು ಹಿಡಿದಿರಬಹುದು. ಕರಾವಳಿಯಲ್ಲಿದ್ದ ವಿಮಾನವಾದರೆ ಬಾಲದೊಳಗೆ ಟಾರ್ಚ್ ಬಿಟ್ಟು ನೋಡ್ರಿ, ರಿವೆಟ್ಟಿನ ಸುತ್ತ ಬಿಳಿ ಹುಡಿ ಕಂಡರೆ ಅಲ್ಯುಮಿನಿಯಂ ಕರಗುತ್ತಿದೆ. ಮಾರುವವರ ಎಂಜಿನಿಯರ್ ಬೇಡ, ನಿಮ್ಮ ಕಡೆಯವರೇ ಬರಲಿ. 80 ಪಿಎಸ್ಐ ಒತ್ತಡದ ಗಾಳಿ ಬಿಟ್ಟರೆ ಸಿಲಿಂಡರಿನಲ್ಲಿ ಎಷ್ಟು ನಿಲ್ಲುತ್ತದೆ ಅಂತ ಅಳೆಯಲಿ, ಫಿಲ್ಟರ್ ಕತ್ತರಿಸಿ ಉಕ್ಕಿನ ಚೂರು ಇದೆಯೇ ಅಂತ ಅಯಸ್ಕಾಂತ ಆಡಿಸಲಿ. ಬಣ್ಣ ಹೊಸದಾಗಿದ್ದರೆ ಇನ್ನೂ ಹೆಚ್ಚು ನೋಡ್ರಿ. ಗುಜರಿಗೆ ಬಂದ ಟ್ರ್ಯಾಕ್ಟರಿಗೂ ಮಾರುವ ಹಿಂದಿನ ವಾರ ಬಣ್ಣ ಬಳಿಯುತ್ತಾರೆ.

ಪಾಲು ಮಾರೂದಿದ್ರ ಹೆಂಗ? ಯಾರರ ತೊಗೋತಾರೇನು?

ಇದು ಈಗ ನಮ್ಮ ಮನೆಯದೇ ಪ್ರಶ್ನೆ. ಸಾಹುಕಾರರಿಗೆ ವೈದ್ಯಕೀಯ ತಪಾಸಣೆಯಲ್ಲಿ ಹೃದಯದ ಚೀಟಿ ಸರಿ ಬರಲಿಲ್ಲ, ಇನ್ನು ಅವರು ಹಾರಿಸುವಂತಿಲ್ಲ. ವಯಸ್ಸು ಏರಿದಂತೆ ಆ ತಪಾಸಣೆಯ ಸರ್ಟಿಫಿಕೇಟು ನಡೆಯುವ ಅವಧಿ ಕಡಿಮೆಯಾಗುತ್ತ ಬರುತ್ತದೆ, ಒಂದು ದಿನ ಎಲ್ಲರಿಗೂ ಬರುವುದೇ. ನಮ್ಮ ಕರಾರಿನಲ್ಲಿ ಬರೆದದ್ದು ಹೀಗೆ: ಬಿಡುವವರ ಪಾಲನ್ನು ಮೊದಲು ಉಳಿದಿಬ್ಬರಿಗೆ ಕೇಳಬೇಕು, ಅವರು ಒಲ್ಲೆ ಅಂದರೆ ಹೊರಗಿನವರಿಗೆ, ಆದರೆ ಹೊರಗಿನವರನ್ನು ಇಬ್ಬರೂ ಒಪ್ಪಬೇಕು. ಬೆಲೆ ಕಟ್ಟುವಾಗ ಇಂಜಿನ್ನಿಗೆ ಉಳಿದ ಗಂಟೆ ಮತ್ತು ಆ ಬೇರೆ ಖಾತೆಯಲ್ಲಿರುವ ರೊಕ್ಕ ಎರಡನ್ನೂ ಹಿಡಿಯಬೇಕು. ಮಾಲೀಕತ್ವ ಬದಲಾದರೆ ಡಿಜಿಸಿಎಯಲ್ಲಿ ನೋಂದಣಿ ಬದಲಿಸಬೇಕು, ವಿಮೆಯನ್ನೂ. ಅದೆಲ್ಲ ಮುಗಿಯುವವರೆಗೆ ಹೊಸಬರ ಕೈಗೆ ಕೊಡಬಾರದು.

ಇದುವರೆಗೆ ಇಬ್ಬರು ಬಂದು ನೋಡಿ ಹೋಗಿದ್ದಾರೆ. ಒಬ್ಬರು ಬಾಡಿಗೆಗೆ ಬಿಡಬಹುದೇ ಅಂದರು, ಇನ್ನೊಬ್ಬರು ಲೆಡ್ಜರ್ ನೋಡಿ ನಕ್ಕರು. ಡಾಕ್ಟರು ಇಬ್ಬರಿಗೂ ಒಲ್ಲೆ ಅಂದರು. ಸಾಹುಕಾರರು ತಮ್ಮ ಪಾಲಿನ ನಿಂತ ಖರ್ಚು ತಿಂಗಳ ಒಂದನೆ ತಾರೀಖಿಗೆ ಈಗಲೂ ಹಾಕುತ್ತಾರೆ. ಭಾನುವಾರ ಗದಗಿನಿಂದ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತಾರೆ, ತಕ್ಕಡಿಯ ಮೇಲೆ ತಾವೇ ಮೊದಲು ನಿಂತು, ದಿಂಬು ಸಮೇತ.